ಕೇಳಿ, ಹೇಳುತ್ತೇನೆ: ನೆಲ ನಡುಗಿದ ಮೇಲೆ ಲೆಕ್ಕ ಯಾಕೆ?

ಕಳೆದ ಸಂಚಿಕೆಯಲ್ಲಿ ಸೂಪರ್‌ಕಂಪ್ಯೂಟರ್, ಅಂದರೆ ಸಾವಿರಾರು ಕಂಪ್ಯೂಟರುಗಳ ಲೆಕ್ಕವನ್ನು ಒಂದೇ ಹೊತ್ತಿಗೆ ಮಾಡುವ ದೊಡ್ಡ ಯಂತ್ರದ ಬಗ್ಗೆ ಬರೆಯುವಾಗ ಒಂದು ಸಾಲು ಹಾಕಿದ್ದೆ: "ಭೂಕಂಪ ಆದ ಮೇಲೂ ಇದಕ್ಕೆ ದೊಡ್ಡ ಕೆಲಸ ಇದೆ." ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಇನ್ವರ್ಟರ್ ಬ್ಯಾಟರಿ, ಸೋಲಾರ್ ಗೀಸರ್ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಹಾಕಿದ್ದೇನೆ. ಕಳಿಸಿದವರು ಬೇಜಾರಾಗಬೇಡಿ.

ಹೊಸ ಓದುಗರಿಗೆ ನನ್ನ ಪರಿಚಯ ಎರಡೇ ಮಾತಿನಲ್ಲಿ. ನಾನು ಧಾರವಾಡದ ಮಾಳಮಡ್ಡಿಯವಳು. ಪುಣೆಯಲ್ಲಿ ಸುಮಾರು 30 ವರ್ಷ ದೊಡ್ಡ ಕಂಪ್ಯೂಟರುಗಳ ಪಾಳಿ ನೋಡಿಕೊಂಡೆ. ನಾನು ವಿಜ್ಞಾನಿ ಅಲ್ಲ. ಯಾರ ಲೆಕ್ಕ ಮೊದಲು, ಯಾರದು ಆಮೇಲೆ ಅಂತ ನೋಡುವವಳು. ರೇಷನ್ ಅಂಗಡಿ ಮುಂದಿನ ಪಾಳಿ ಇದ್ದಂತೆಯೇ. ಇಲ್ಲಿ ಜಗಳ ಆಡುವವರು ಪಿಎಚ್‌ಡಿ ಮಾಡಿರುತ್ತಾರೆ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ಭೂಕಂಪ ಯಾವಾಗ ಆಗುತ್ತದೆ ಅಂತ ಮುಂಚೆ ಹೇಳಲಾರದ ಕಂಪ್ಯೂಟರ್, ಆದ ಮೇಲೆ ಲೆಕ್ಕ ಹಾಕಿ ಏನು ಪ್ರಯೋಜನ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಅಲ್ಲವೇ? (ನಿವೃತ್ತ ಶಿಕ್ಷಕರು, ಗದಗ)

ಮಾಸ್ತರರೇ, ಗಾದೆ ಸರಿಯಾಗಿಯೇ ಇದೆ. ಆದರೆ ಭೂಕಂಪದಲ್ಲಿ ನೆಲ ನಿಂತ ಮೇಲೂ ಕೊಳ್ಳೆ ಮುಗಿದಿರುವುದಿಲ್ಲ. ಅವಶೇಷದ ಕೆಳಗೆ ಜನ ಉಸಿರಾಡುತ್ತ ಇರುತ್ತಾರೆ. ಒಂದೊಂದು ತಾಸು ಕಳೆದಂತೆ ಆ ಉಸಿರುಗಳು ಕಡಿಮೆಯಾಗುತ್ತವೆ. ಆಗ ಎಲ್ಲರನ್ನೂ ಕಾಡುವ ಪ್ರಶ್ನೆ ಒಂದೇ: ಮೊದಲು ಎಲ್ಲಿಗೆ ಹೋಗಬೇಕು?

ನನಗೆ ಇದು ಗೊತ್ತಾದದ್ದು 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ. ಪುಣೆಯಲ್ಲಿ ಗಣಪತಿ ಮೆರವಣಿಗೆ ಇನ್ನೂ ಮುಗಿದಿರಲಿಲ್ಲ. ದೂರದ ಡೋಲಿನ ಸದ್ದು ಕೇಳುತ್ತಿತ್ತು. ನಾನು ರಾತ್ರಿ ಡ್ಯೂಟಿಯಲ್ಲಿ ಯಂತ್ರದ ಕೋಣೆಯಲ್ಲಿ ಒಬ್ಬಳೇ ಕೂತಿದ್ದೆ. 4 ಗಂಟೆಗೆ ಇನ್ನೇನು ನಾಲ್ಕು ನಿಮಿಷ ಇರುವಾಗ ಕುರ್ಚಿ ಅಲುಗಿತು. ಕಪ್ಪಿನ ಚಹಾದಲ್ಲಿ ಸಣ್ಣ ಅಲೆ ಎದ್ದವು. ಕಾವಲುಗಾರ ಓಡಿ ಬಂದು "ಕೊಯ್ನಾ ಬಾಯೀ, ಕೊಯ್ನಾ!" ಅಂದ. ನಾನೂ ಹಾಗೇ ಅಂದುಕೊಂಡೆ. ಕೊಯ್ನಾ ಅಂದರೆ 1967ರಲ್ಲಿ ದೊಡ್ಡ ಭೂಕಂಪ ಆದ ಮಹಾರಾಷ್ಟ್ರದ ಅಣೆಕಟ್ಟೆಯ ಜಾಗ. ಆ ಕಡೆಯವರಿಗೆ ನೆಲ ಅಲುಗಿದರೆ ಬಾಯಿಗೆ ಬರುವ ಹೆಸರು ಅದೊಂದೇ.

ಅದು ಕೊಯ್ನಾ ಆಗಿರಲಿಲ್ಲ. ಲಾತೂರು ಜಿಲ್ಲೆಯ ಕಿಲ್ಲಾರಿ. ಗಣಪತಿ ಕಳಿಸಿ ಮಲಗಿದ್ದ ಊರುಗಳು ಮಲಗಿದಲ್ಲೇ ಮುಚ್ಚಿಹೋದವು. ಸುಮಾರು 10 ಸಾವಿರ ಜನ ಸತ್ತರು. ದೇಶದ ದೊಡ್ಡ ಯಂತ್ರಗಳಲ್ಲಿ ಒಂದು ನನ್ನ ಎದುರಿಗೇ ಇತ್ತು. ಅದು ಆ ಹೊತ್ತಿಗೆ ಯಾರದೋ ವಿಮಾನದ ರೆಕ್ಕೆಯ ಲೆಕ್ಕ ಮಾಡುತ್ತ ಕೂತಿತ್ತು. ಯಾವ ಊರು ಬಿದ್ದಿದೆ ಅಂತ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇದು ಹಳೆ ಕಾಲದ ಬಡತನದ ಕಥೆ ಅಂದುಕೊಳ್ಳಬೇಡಿ. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಬೆಳಿಗ್ಗೆ 5.46ಕ್ಕೆ ಕಂಪನವಾಯಿತು. 6,434 ಜನ ಸತ್ತರು. ಅಂಥ ಜಪಾನಿನಲ್ಲೂ ಹಾನಿ ಎಷ್ಟು ದೊಡ್ಡದು ಅಂತ ರಾಜಧಾನಿಗೆ ತಿಳಿಯಲು ತಾಸುಗಟ್ಟಲೆ ಹಿಡಿಯಿತು. ಅವಶೇಷದಿಂದ ಹೊರಬಂದವರಲ್ಲಿ ಹೆಚ್ಚಿನವರನ್ನು ಎಳೆದು ತೆಗೆದದ್ದು ನೆರೆಮನೆಯವರು. 2001ರ ಜನವರಿ 26 ನಿಮಗೂ ನೆನಪಿರಬೇಕು. ಆ ದಿನ ಟೀವಿಯಲ್ಲಿ ನಾನು ಮೊದಲು ನೋಡಿದ್ದು ಅಹಮದಾಬಾದಿನಲ್ಲಿ ಕುಸಿದ ಬಹುಮಹಡಿಗಳನ್ನು. ನಿಜವಾಗಿ ನೆಲಸಮ ಆಗಿದ್ದು ಅಲ್ಲಿಂದ 200 ಕಿ.ಮೀ.ಗೂ ಆಚೆಯ ಭಚಾವ್, ಅಂಜಾರ್, ಭುಜ್. ಅಲ್ಲಿ ಫೋನೇ ಸತ್ತಿತ್ತು. ಜಾಸ್ತಿ ಪೆಟ್ಟು ತಿಂದ ಊರು ಜಾಸ್ತಿ ಸುಮ್ಮನಿರುತ್ತದೆ. ಕೂಗಿ ಹೇಳಲು ಅಲ್ಲಿ ಯಾರೂ ಉಳಿದಿರುವುದಿಲ್ಲ.

ಉಪಗ್ರಹದ ಚಿತ್ರ ಸಿಗುತ್ತದಲ್ಲ ಅಂತ ಕೇಳಬಹುದು. ಸಿಗುತ್ತದೆ. ಆದರೆ ಉಪಗ್ರಹ ನಮ್ಮ ತಲೆ ಮೇಲೆ ಬರುವ ಹೊತ್ತಿಗಾಗಿ ಕಾಯಬೇಕು. ಕೆಲವೊಮ್ಮೆ ಒಂದು ದಿನವೇ ಹೋಗುತ್ತದೆ.

ನಮ್ಮ ಊರಿನದೇ ಒಂದು ಮಾತು ಹೇಳುತ್ತೇನೆ. ಅದು ಭೂಕಂಪ ಅಲ್ಲ. 2019ರ ಮಾರ್ಚ್ 19, ಧಾರವಾಡದ ಕುಮಾರೇಶ್ವರ ನಗರ. ಕಟ್ಟುತ್ತಿದ್ದ ಕಟ್ಟಡ ಮಧ್ಯಾಹ್ನದ ಹೊತ್ತು ಕುಸಿಯಿತು. ಹೋಳಿ ಹಬ್ಬಕ್ಕೆ ಅಂತ ನಾನು ಊರಿಗೆ ಬಂದಿದ್ದೆ. ನೋಡಲು ಹೋಗಿ, ಹಗ್ಗದ ಈಚೆ ನಿಂತು, ಏನೂ ಮಾಡಲಾಗದೆ ವಾಪಸು ಬಂದೆ. 19 ಜನ ಹೋದರು. ಮೂರನೆಯ ದಿನವೂ ಒಳಗಿಂದ ಜೀವ ಇದ್ದವರು ಹೊರಗೆ ಬಂದರು. ಒಂದು ಕಟ್ಟಡ. ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಇಡೀ ಊರಿನ ಜೆಸಿಬಿ, ಆಂಬುಲೆನ್ಸ್, ಹೊರಗಿನ ರಕ್ಷಣಾ ಪಡೆ ಎಲ್ಲ ಅಲ್ಲೇ. ಆದರೂ ಅಷ್ಟು ದಿನ ಹಿಡಿಯಿತು. ಅಂಥವು ಒಂದೇ ಹೊತ್ತಿಗೆ 500 ಬಿದ್ದರೆ? ಇರುವ ನಾಲ್ಕು ತಂಡಗಳನ್ನು ಯಾವ ನಾಲ್ಕು ಕಡೆ ಕಳಿಸುತ್ತೀರಿ? ಮಾಸ್ತರರೇ, ಯಂತ್ರ ಹಾಕಬೇಕಾದ ಲೆಕ್ಕ ಇದು.

ಪ್ರಶ್ನೆ: ಮೇಡಂ, ಭೂಕಂಪದ ಕೇಂದ್ರ ಎರಡು ಮೂರು ನಿಮಿಷದಲ್ಲಿ ಮೊಬೈಲ್‌ನಲ್ಲೇ ಬರುತ್ತದೆ. ಅದರ ಸುತ್ತ ಒಂದು ವೃತ್ತ ಎಳೆದರೆ ಹಾನಿ ಎಲ್ಲಿ ಅಂತ ಗೊತ್ತಾಗುತ್ತದಲ್ವಾ? ಸೂಪರ್‌ಕಂಪ್ಯೂಟರ್ ಯಾಕೆ ಬೇಕು? (ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ)

ವೃತ್ತದ ಕಥೆ ಹೇಳುತ್ತೇನೆ ಕೇಳಪ್ಪ. 2023ರ ಫೆಬ್ರವರಿ 6, ತುರ್ಕಿ. ಬೆಳಗಿನ ಜಾವ 4.17ಕ್ಕೆ 7.8 ತೀವ್ರತೆಯ ಕಂಪನ. ಅದರ ಕೇಂದ್ರದಿಂದ ಅಂತಾಕ್ಯ ಪಟ್ಟಣ 100 ಕಿ.ಮೀ.ಗಿಂತ ದೂರ. ವೃತ್ತ ಎಳೆದವನು ಅಂತಾಕ್ಯವನ್ನು ಎರಡನೇ ಪಟ್ಟಿಗೆ ಹಾಕುತ್ತಿದ್ದ. ಆದರೆ ಅತಿ ಹೆಚ್ಚು ಜನ ಸತ್ತದ್ದು ಆ ಪಟ್ಟಣ ಇರುವ ಹತಾಯ್ ಪ್ರಾಂತ್ಯದಲ್ಲೇ. ನಮ್ಮ ಸೇನೆಯವರು ಹೋಗಿ ಆಸ್ಪತ್ರೆ ಹಾಕಿದ ಇಸ್ಕೆಂದೆರುನ್ ಕೂಡ ಅದೇ ಪ್ರಾಂತ್ಯ.

ಯಾಕೆ ಹೀಗೆ? ಭೂಕಂಪ ಒಂದು ಚುಕ್ಕೆಯಲ್ಲ. ಹಳೆ ಧೋತರ ಹರಿಯುವಾಗ ನೋಡಿದ್ದೀಯಲ್ಲ. ಒಂದು ಕಡೆ ಬಾಯಿ ಬಿಡುತ್ತದೆ, ಅಲ್ಲಿಂದ ಪರ್ರ್ ಅಂತ ಉದ್ದಕ್ಕೆ ಹೋಗುತ್ತದೆ. ಮೊಬೈಲ್‌ನಲ್ಲಿ ಬರುವ ಕೇಂದ್ರ ಅಂದರೆ ಬಾಯಿ ಬಿಟ್ಟ ಜಾಗ ಮಾತ್ರ. ತುರ್ಕಿಯಲ್ಲಿ ಬಿರುಕು 300 ಕಿ.ಮೀ.ಗಿಂತ ಉದ್ದ ಹರಿಯಿತು. 2025ರ ಮಾರ್ಚ್ 28ರಂದು ಮ್ಯಾನ್ಮಾರಿನಲ್ಲಿ 400 ಕಿ.ಮೀ.ಗೂ ಮೀರಿತು. ಬಿರುಕು ಯಾವ ದಿಕ್ಕಿಗೆ ಓಡುತ್ತದೋ ಆ ಕಡೆ ಅಲೆಗಳು ಒಂದರ ಮೇಲೊಂದು ಬಿದ್ದು ಪೆಟ್ಟು ಜೋರಾಗುತ್ತದೆ. ಮುಂದೆ ಮೆತ್ತನೆ ಮಣ್ಣಿನ ಬಯಲು ಸಿಕ್ಕರೆ ಇನ್ನೂ ಜೋರು. ಅಂತಾಕ್ಯಕ್ಕೆ ಎರಡೂ ಬಂದವು.

ಒಂದು ವಿಷಯ ಪ್ರಾಮಾಣಿಕವಾಗಿ ಹೇಳಬೇಕು. ಮೊದಲ ನಕ್ಷೆಗೆ ಸೂಪರ್‌ಕಂಪ್ಯೂಟರ್ ಬೇಡವೇ ಬೇಡ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯವರು 'ಶೇಕ್‌ಮ್ಯಾಪ್' ಅಂತ ಮಾಡುತ್ತಾರೆ. ಹಳೆ ಭೂಕಂಪಗಳಿಂದ ತೆಗೆದ ಸೂತ್ರ, ಮಾಪಕಗಳು ಕಳಿಸಿದ ಅಳತೆ, "ನಮ್ಮಲ್ಲಿ ಪಾತ್ರೆ ಬಿದ್ದವು" ಅಂತ ಜನ ಬರೆದದ್ದು, ಮೂರನ್ನೂ ಸೇರಿಸಿದ ನಕ್ಷೆ. 'ಪೇಜರ್' ಅನ್ನುವ ಅವರ ಇನ್ನೊಂದು ವ್ಯವಸ್ಥೆ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಸಾವುನೋವಿನ ಅಂದಾಜು ಕೊಡುತ್ತದೆ. ಒಳ್ಳೆಯ ಕೆಲಸ. ಆದರೆ ಮಾಪಕಗಳು ಕಡಿಮೆ ಇರುವ ಕಡೆ ಸೂತ್ರ ಸರಾಸರಿಯನ್ನೇ ಹೇಳುತ್ತದೆ. ಸರಾಸರಿ ಊರಲ್ಲಿ ಯಾರೂ ವಾಸ ಮಾಡುವುದಿಲ್ಲವಲ್ಲ.

ದೊಡ್ಡ ಯಂತ್ರ ಮಾಡುವುದು ಬೇರೆ. ಅದು ಭೂಮಿಯ ಒಂದು ತುಂಡನ್ನೇ ಲೆಕ್ಕದಲ್ಲಿ ಮತ್ತೆ ನಡುಗಿಸುತ್ತದೆ. ತಾಟಿನಲ್ಲಿ ಜುಣಕದ ವಡಿ ಕೊಯ್ದ ಹಾಗೆ ನೆಲವನ್ನು ಚೌಕ ಚೌಕ ಮಾಡುತ್ತಾರೆ. ಆಳಕ್ಕೂ ಕೊಯ್ಯುತ್ತಾರೆ. ಪ್ರತಿ ಚೌಕಕ್ಕೂ ಅಲ್ಲಿ ಕಲ್ಲೋ ಮಣ್ಣೋ, ಎಷ್ಟು ಗಟ್ಟಿ, ಅಂತ ಬರೆದಿರುತ್ತದೆ. ಒಂದು ಚೌಕ ಅಲುಗಿದರೆ ಪಕ್ಕದ್ದು ಎಷ್ಟು ಅಲುಗುತ್ತದೆ ಅಂತ ಕ್ಷಣ ಕ್ಷಣಕ್ಕೆ ಲೆಕ್ಕ. ಹೀಗೆ ಅಲೆ ಮುಂದೆ ಮುಂದೆ ಹೋಗುತ್ತದೆ.

ಇಲ್ಲೇ ಖರ್ಚು. ಚೌಕದ ಅಳತೆ ಅರ್ಧ ಮಾಡಿದರೆ ಉದ್ದ, ಅಗಲ, ಆಳ ಸೇರಿ ಚೌಕಗಳು 8 ಪಟ್ಟು ಆಗುತ್ತವೆ. ಸಮಯದ ಹೆಜ್ಜೆಯೂ ಅರ್ಧ ಆಗಬೇಕು. ಒಟ್ಟು 16 ಪಟ್ಟು ಕೆಲಸ. 2010ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿದ್ದ 'ಜಾಗ್ವಾರ್' ಯಂತ್ರದ ಮೇಲೆ ಕ್ಯಾಲಿಫೋರ್ನಿಯಾದ 8 ತೀವ್ರತೆಯ ಒಂದು ಕಾಲ್ಪನಿಕ ಭೂಕಂಪವನ್ನು ಓಡಿಸಿದರು. 40 ಮೀಟರಿನ ಚೌಕ. ಒಟ್ಟು 43,600 ಕೋಟಿ ಚೌಕ. ಎರಡು ಲಕ್ಷಕ್ಕೂ ಹೆಚ್ಚು ಪ್ರೊಸೆಸರ್ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು. 6 ನಿಮಿಷದ ನಡುಕ ಲೆಕ್ಕ ಮಾಡಲು 24 ತಾಸು. ಸಂಶೋಧನೆಗೆ ಅದು ಅದ್ಭುತ. ಅವಶೇಷದ ಕೆಳಗಿರುವವನಿಗೆ ಮಾತ್ರ ಪ್ರಯೋಜನವಿಲ್ಲ.

ತುರ್ತಿಗೆ ಬೇಕಾದದ್ದು ಒಂದೇ ದೊಡ್ಡ ಚೆಂದದ ಲೆಕ್ಕ ಅಲ್ಲ. ಸ್ವಲ್ಪ ದಪ್ಪ ಚೌಕದ ಹತ್ತಾರು ಲೆಕ್ಕ, ಎಲ್ಲ ಒಟ್ಟಿಗೆ. ಯಾಕೆಂದರೆ ಮೊದಲ ನಿಮಿಷಗಳಲ್ಲಿ ಬಿರುಕು ಎತ್ತ ಓಡಿತು ಅಂತ ಖಚಿತ ಇರುವುದಿಲ್ಲ. ಎಡಕ್ಕೆ ಓಡಿದ್ದರೆ ಹೀಗೆ, ಬಲಕ್ಕೆ ಓಡಿದ್ದರೆ ಹಾಗೆ, ಇನ್ನೂ ಆಳದಲ್ಲಿದ್ದರೆ ಮತ್ತೊಂದು. ಎಲ್ಲದರಲ್ಲೂ ಕೆಂಪಾಗಿ ಕಾಣುವ ಊರಿಗೆ ಮೊದಲ ತಂಡ ಹೊರಡಬೇಕು. ಬಾರ್ಸಿಲೋನಾದ ಸೂಪರ್‌ಕಂಪ್ಯೂಟಿಂಗ್ ಕೇಂದ್ರದವರು ಯುರೋಪಿನ ಇತರರ ಜೊತೆ ಸೇರಿ ಇಂಥದ್ದನ್ನೇ ಕಟ್ಟುತ್ತಿದ್ದಾರೆ. ಭೂಕಂಪದ ಸುದ್ದಿ ಬಂದ ಕೂಡಲೇ ಯಾರೂ ಗುಂಡಿ ಒತ್ತದೆ ಲೆಕ್ಕಗಳು ತಾವೇ ಹೊರಡಬೇಕು, ನಕ್ಷೆ ತಾನೇ ಬರಬೇಕು ಅನ್ನುವುದು ಗುರಿ. ಆ ಯೋಜನೆಯ ಹೆಸರು 'ಚೀಸ್'. ಹೌದು, ತಿನ್ನುವ ಚೀಸೇ. ಅವರ 'ಮಾರೆನೊಸ್ಟ್ರಮ್' ಯಂತ್ರ ಒಂದು ಹಳೆಯ ಚರ್ಚಿನ ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಕೂತದ್ದರ ಚಿತ್ರ ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು. ನಾವು ಕೂತದ್ದು ಕಿಟಕಿ ಇಲ್ಲದ ಕೋಣೆಯಲ್ಲಿ.

ಪ್ರಶ್ನೆ: ನಮ್ಮದು ಎರಿ ಭೂಮಿ. ಮೆತ್ತನೆ ಮಣ್ಣಿನಲ್ಲಿ ನಡುಕ ಜಾಸ್ತಿ ಅಂತ ಮಗ ಎಲ್ಲೋ ಓದಿ ಹೇಳಿದ. ಮನೆ ಕಟ್ಟಿಸಬೇಕು ಅಂತಿದ್ದೇನೆ. ಹೆದರಬೇಕಾ? (ರೈತರು, ನವಲಗುಂದ ತಾಲ್ಲೂಕು)

ಯಜಮಾನರೇ, ಮಗ ಓದಿದ್ದು ನಿಜ. ಆದರೆ ಅರ್ಧ ಓದಿದ್ದಾನೆ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಮೆಕ್ಸಿಕೋ ನಗರ. 1985ರ ಸೆಪ್ಟೆಂಬರ್ 19. ಭೂಕಂಪ ಆಗಿದ್ದು ಸುಮಾರು 350 ಕಿ.ಮೀ. ಆಚೆ, ಸಮುದ್ರದ ದಂಡೆಯಲ್ಲಿ. ಸತ್ತವರು ಸಾವಿರಾರು, ಹೆಚ್ಚಿನವರು ನಗರದಲ್ಲಿ. ಆ ನಗರ ಒಂದು ಹಳೆ ಕೆರೆಯ ಮೇಲೆ ಕೂತಿದೆ. ಕೆಳಗೆ ಹತ್ತಾರು ಮೀಟರ್ ಹಸಿ ಜೇಡಿ. ಇದಕ್ಕೊಂದು ಸಣ್ಣ ಲೆಕ್ಕ ಇದೆ. ಮಣ್ಣಿನ ಆಳವನ್ನು 4ರಿಂದ ಗುಣಿಸಿ, ಅದರಲ್ಲಿ ಅಡ್ಡ ಅಲೆ (ನೆಲವನ್ನು ಅಡ್ಡಡ್ಡ ಅಲುಗಿಸುವ ಅಲೆ) ಓಡುವ ವೇಗದಿಂದ ಭಾಗಿಸಿ. ಆಳ 40 ಮೀಟರ್, ವೇಗ ಸೆಕೆಂಡಿಗೆ 80 ಮೀಟರ್ ಅಂದರೆ ಉತ್ತರ 2 ಸೆಕೆಂಡು. ಆ ಮಣ್ಣು 2 ಸೆಕೆಂಡಿಗೊಮ್ಮೆ ತೂಗುತ್ತದೆ. ಹತ್ತು ಹನ್ನೆರಡು ಮಹಡಿಯ ಕಟ್ಟಡಕ್ಕೂ ಹೆಚ್ಚು ಕಡಿಮೆ ಅದೇ ತೂಗಾಟ ಹೊಂದುತ್ತದೆ. ತೊಟ್ಟಿಲಿಗೆ ಸರಿಯಾದ ಹೊತ್ತಿಗೆ ಕೈ ಕೊಟ್ಟಂತೆ ಆಗಿ ಅವೇ ಬಿದ್ದವು. ಪಕ್ಕದಲ್ಲಿದ್ದ ಎಷ್ಟೋ ಗಿಡ್ಡ ಕಟ್ಟಡಗಳು ಉಳಿದವು.

ನಿಮ್ಮ ಹೊಲದ ಎರಿ ಅಷ್ಟು ಆಳ ಇರುವುದಿಲ್ಲ. ಬಾವಿ ತೋಡಿಸಿದ್ದರೆ ನಿಮಗೇ ಗೊತ್ತಿರುತ್ತದೆ, ಎಷ್ಟು ಮೊಳಕ್ಕೆ ಗರಸು ಬಂತು ಅಂತ. 4 ಮೀಟರ್ ಎರಿ, ವೇಗ 160 ಅಂತ ಇಟ್ಟುಕೊಳ್ಳಿ. ಉತ್ತರ 0.1 ಸೆಕೆಂಡು. ಇದು ಎತ್ತರದ ಕಟ್ಟಡಕ್ಕೆ ಏನೂ ಮಾಡದು. ಆದರೆ ಒಂದೇ ಅಂತಸ್ತಿನ ಮನೆಯ ತೂಗಾಟ ಇದಕ್ಕೆ ಹತ್ತಿರ. ಹಾಗಾಗಿ ಹೆದರಬೇಡಿ, ಪಾಯವನ್ನು ಗರಸಿನವರೆಗೆ ಇಳಿಸಿ. ಎರಿ ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುತ್ತದೆ. ಭೂಕಂಪ ಬಾರದಿದ್ದರೂ ಗೋಡೆ ಸೀಳುತ್ತದೆ. ಪಾಯದ ಮೇಲೆ, ಬಾಗಿಲ ತಲೆಮಟ್ಟದಲ್ಲಿ, ಸುತ್ತಲೂ ಕಾಂಕ್ರೀಟ್ ಪಟ್ಟಿ ಹಾಕಿಸಿ. ಆ ಪಟ್ಟಿ ಗೋಡೆಗಳನ್ನು ಸೊಂಟಪಟ್ಟಿಯ ಹಾಗೆ ಹಿಡಿದಿಡುತ್ತದೆ.

ಕಿಲ್ಲಾರಿಯಲ್ಲಿ ಜೀವ ತೆಗೆದದ್ದು ನಮ್ಮ ಕಡೆ ನೋಡುವಂಥದೇ ಮನೆಗಳು. ದಪ್ಪ ದಪ್ಪ ಕಲ್ಲಿನ ಗೋಡೆ, ನಡುವೆ ಮಣ್ಣು, ಮೇಲೆ ಭಾರದ ಮೇಲ್ಮುದ್ದಿ. ಸೋರಿತು ಅಂತ ವರ್ಷ ವರ್ಷ ಮತ್ತೊಂದಿಷ್ಟು ಮಣ್ಣು ಏರಿಸುತ್ತಾರೆ. ಬೇಸಿಗೆಯಲ್ಲಿ ತಂಪು, ನನಗೂ ಇಷ್ಟ. ಗೋಡೆ ಬಿಚ್ಚಿಕೊಂಡರೆ ಆ ಮಣ್ಣೆಲ್ಲ ಮಲಗಿದವರ ಮೇಲೆ. ಇನ್ನೊಂದು ಮಾತು. ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಕಿಲ್ಲಾರಿ 1ನೇ ವಲಯದಲ್ಲಿತ್ತು. ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ್ದು. 2002ರ ನಕ್ಷೆಯಲ್ಲಿ ಆ 1ನೇ ವಲಯವನ್ನೇ ತೆಗೆದುಹಾಕಿದರು. ಅದರಲ್ಲಿ ಲಾತೂರು 3ನೇ ವಲಯಕ್ಕೆ ಬಂತು. ಆ ನಕ್ಷೆಯಲ್ಲಿ ಧಾರವಾಡ ಇದ್ದದ್ದೂ ಅದೇ 3ರಲ್ಲಿ.

ಪ್ರಶ್ನೆ: ಫೋನಿನಲ್ಲಿ ಭೂಕಂಪದ ಎಚ್ಚರಿಕೆ ಬರುತ್ತದಂತೆ. ಅದು ಸೂಪರ್‌ಕಂಪ್ಯೂಟರ್‌ನಿಂದ ಬರುವುದಾ? ನಂಬಬಹುದಾ? (ಗೃಹಿಣಿ, ರಾಣೆಬೆನ್ನೂರು)

ಅಕ್ಕಾ, ಅದು ಬೇರೆ, ಇದು ಬೇರೆ. ಎಚ್ಚರಿಕೆಗೆ ದೊಡ್ಡ ಲೆಕ್ಕ ಬೇಡ, ಚುರುಕು ಬೇಕು. ಭೂಕಂಪದಿಂದ ಎರಡು ಬಗೆಯ ಅಲೆ ಹೊರಡುತ್ತವೆ. ಮೊದಲನೆಯದು ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ, ಮೆತ್ತಗೆ ತಟ್ಟುತ್ತದೆ. ಎರಡನೆಯದು ಸುಮಾರು 3.5 ಕಿ.ಮೀ., ಕೆಡವುವುದು ಅದೇ.

ನಮ್ಮವ್ವ ಹೇಳುತ್ತಿದ್ದಳು. 1967ರ ಡಿಸೆಂಬರ್ 11, ಬೆಳಗಿನ ಜಾವ 4.21. ನಾನು ಅವಳ ಹೊಟ್ಟೆಯಲ್ಲಿದ್ದೆ. ನಾಗಂದಿಗೆ ಮೇಲಿನ ಹಿತ್ತಾಳೆ ಕೊಡಗಳು ಮೊದಲು ಸಣ್ಣಗೆ ಟಿಂಟಿಂ ಅಂದವಂತೆ. ಬೆಕ್ಕು ಅಂದುಕೊಂಡು "ಹಾಳಾಗಿ ಹೋಗು" ಅಂತ ಬೈದು ಮಗ್ಗುಲಾದಳಂತೆ. ಆಮೇಲೆ ಮಂಚವೇ ಅಲುಗಿತು. ಅದು ಕೊಯ್ನಾ ಅಣೆಕಟ್ಟೆಯ ಭೂಕಂಪ. ಧಾರವಾಡಕ್ಕೆ ಸುಮಾರು 250 ಕಿ.ಮೀ. ಲೆಕ್ಕ ಹಾಕಿ: ಮೊದಲ ಅಲೆ 42 ಸೆಕೆಂಡಿಗೆ ಬಂದಿರಬೇಕು, ಎರಡನೆಯದು 71ಕ್ಕೆ. ನಡುವೆ ಅರ್ಧ ನಿಮಿಷ. ಬೆಕ್ಕಿಗೆ ಬೈದದ್ದು ಆ ಅರ್ಧ ನಿಮಿಷದಲ್ಲೇ.

ಈಗ ಕೊಯ್ನಾ ಹತ್ತಿರದ ಮಾಪಕ ಮೊದಲ ಅಲೆ ಹಿಡಿದ ಕೂಡಲೇ ಫೋನಿಗೆ ಹೇಳಿದರೆ? ಫೋನಿನ ಸಂದೇಶ ಅಲೆಗಿಂತ ಎಷ್ಟೋ ಪಟ್ಟು ಬೇಗ ಬರುತ್ತದೆ. ಮೆಕ್ಸಿಕೋದಲ್ಲಿ ಇಂಥದ್ದು 1991ರಿಂದಲೂ ಇದೆ. ಉತ್ತರಾಖಂಡದಲ್ಲಿ ಐಐಟಿ ರೂರ್ಕಿಯವರ ಆ್ಯಪ್ 2021ರಲ್ಲಿ ಬಂತು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ 2023ರಲ್ಲಿ ಭಾರತಕ್ಕೂ ತಂದಿತು. ಮೇಜಿನ ಮೇಲೆ ಸುಮ್ನೆ ಬಿದ್ದಿರುವ ಸಾವಿರಾರು ಫೋನುಗಳೇ ಮಾಪಕ. ಒಮ್ಮೊಮ್ಮೆ ತಪ್ಪುತ್ತದೆ. ಕೇಂದ್ರದ ಹತ್ತಿರ ಇದ್ದವರಿಗೆ ಏನೂ ಸಮಯ ಸಿಗುವುದಿಲ್ಲ. ಆದರೂ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿಡಿ. ಬಂದರೆ ಒಲೆ ಆರಿಸಿ, ಗಟ್ಟಿ ಮೇಜಿನ ಕೆಳಗೆ ಕೂತು ತಲೆ ಮುಚ್ಚಿಕೊಳ್ಳಿ.

ಪ್ರಶ್ನೆ: ಬೇರೆ ದೇಶದ ಕಥೆ ಸಾಕು. ನಮ್ಮಲ್ಲಿ ಇಂಥ ಯಂತ್ರ ಇವೆಯಾ? ಇದ್ದರೂ ಭೂಕಂಪದ ದಿನ ಉಪಯೋಗಕ್ಕೆ ಬರುತ್ತವಾ, ಇಲ್ಲ ಜನರ ದುಡ್ಡು ದಂಡವಾ? (ವ್ಯಾಪಾರಿ, ಕೇಶ್ವಾಪುರ, ಹುಬ್ಬಳ್ಳಿ)

ಸಾಹುಕಾರರೇ, ಯಂತ್ರಗಳಿವೆ. 1991ರಲ್ಲೇ ಪುಣೆಯಲ್ಲಿ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡಾಕ್‌ನಲ್ಲಿ ವಿಜಯ ಭಟ್ಕರ್ ಅವರ ತಂಡ 'ಪರಮ್ 8000' ಕಟ್ಟಿತು. 2015ರಲ್ಲಿ ಕೇಂದ್ರ ಸರ್ಕಾರ 4,500 ಕೋಟಿಯ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಯೋಜನೆ ತಂದಿತು. ಅದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2022ರಲ್ಲಿ 'ಪರಮ್ ಪ್ರವೇಗ' ಬಂತು. 3.3 ಪೆಟಾಫ್ಲಾಪ್. ಅಂದರೆ ಸೆಕೆಂಡಿಗೆ 33 ಕೋಟಿ ಕೋಟಿ ಲೆಕ್ಕ. ಇಷ್ಟು ಸೊನ್ನೆ ಎಣಿಸುವುದರಲ್ಲಿ ನಾನು ಈಗಲೂ ಎಡವುತ್ತೇನೆ.

ನಿಮ್ಮ ಎರಡನೇ ಪ್ರಶ್ನೆಯೇ ಅಸಲಿ ಪ್ರಶ್ನೆ. ಅದಕ್ಕೆ ನನ್ನದೇ ಒಂದು ಅನುಭವ. ಎಲ್ಲಿ, ಯಾವಾಗ ಅಂತ ಕೇಳಬೇಡಿ. ಒಂದು ಶುಕ್ರವಾರ ಸಂಜೆ ಒಂದು ತುರ್ತು ಲೆಕ್ಕ ಬಂತು. ನದಿಯ ನೆರೆ ಯಾವ ಹಳ್ಳಿಗೆ ಎಷ್ಟು ಏರಬಹುದು ಅಂತ. ಯಂತ್ರ ತುಂಬಿತ್ತು. ಒಬ್ಬ ಹುಡುಗನ ಪಿಎಚ್‌ಡಿ ಲೆಕ್ಕ ಆರು ದಿನದಿಂದ ಓಡುತ್ತಿತ್ತು. ಅದನ್ನು ನಿಲ್ಲಿಸುವ ಅಧಿಕಾರ ನನಗಿಲ್ಲ. ಅಧಿಕಾರ ಇದ್ದವರ ಫೋನು ಎತ್ತುವವರಿಲ್ಲ. ಶನಿವಾರ, ಭಾನುವಾರ ಹೋಯಿತು. ಸೋಮವಾರ ಹತ್ತೂವರೆಗೆ ಸಹಿ ಬಂತು. ಲೆಕ್ಕ ಓಡಿದ್ದು ಬರೀ 50 ನಿಮಿಷ. ಅಷ್ಟರಲ್ಲಿ ನೀರು ಇಳಿದಿತ್ತು. ಫಲಿತಾಂಶವನ್ನು ಯಾರೂ ಡೌನ್‌ಲೋಡ್ ಸಹ ಮಾಡಲಿಲ್ಲ. ಆ ಫೈಲನ್ನು ಅಳಿಸುವ ಕೆಲಸವೂ ನನ್ನ ಪಾಲಿಗೇ ಬಂತು.

ಅದಕ್ಕೇ ಯಾರಾದರೂ ಎಷ್ಟು ಪೆಟಾಫ್ಲಾಪ್ ಅಂತ ಹೆಮ್ಮೆಪಟ್ಟರೆ ನಾನು ಮೊದಲು ಕೇಳುವುದು ಪಾಳಿ ಮುರಿಯುವ ನಿಯಮ ಏನು ಅಂತ. ಜಪಾನಿನ ತೊಹೊಕು ವಿಶ್ವವಿದ್ಯಾಲಯ ಅದನ್ನು ಬಗೆಹರಿಸಿದೆ. 2011ರ ಮಾರ್ಚ್ 11ರ ಸುನಾಮಿಯ ಪೆಟ್ಟು ತಿಂದ ಸೆಂಡೈ ಊರಿನ ವಿಶ್ವವಿದ್ಯಾಲಯ ಅದು. ಆ ದಿನ ಮೂರು ನಿಮಿಷಕ್ಕೆ ಬಂದ ಮೊದಲ ಅಂದಾಜು 7.9 ತೀವ್ರತೆ. ನಿಜದಲ್ಲಿ ಅದು 9. ಮೊದಲ ಎಚ್ಚರಿಕೆ ಹೇಳಿದ್ದಕ್ಕಿಂತ ಎಷ್ಟೋ ಎತ್ತರದ ನೀರು ಬಂತು. ಆಮೇಲೆ ಅವರು ಕಟ್ಟಿದ ವ್ಯವಸ್ಥೆಯಲ್ಲಿ ದೊಡ್ಡ ಭೂಕಂಪದ ಸಂಕೇತ ಬಂದ ಕೂಡಲೇ ಯಂತ್ರ ಓಡುತ್ತಿರುವ ಲೆಕ್ಕಗಳನ್ನು ಇದ್ದಲ್ಲೇ ತಡೆಹಿಡಿಯುತ್ತದೆ. ಯಾರ ಸಹಿಯೂ ಬೇಡ. 10 ನಿಮಿಷದಲ್ಲಿ ಭೂಕಂಪದ ಮೂಲದ ಅಂದಾಜು, ಇನ್ನು 10 ನಿಮಿಷದಲ್ಲಿ ನೀರು ಎಲ್ಲಿವರೆಗೆ ನುಗ್ಗುತ್ತದೆ ಅಂತ ಲೆಕ್ಕ, ಅದೂ 10 ಮೀಟರಿನ ಚೌಕದಲ್ಲಿ. ಸುನಾಮಿ ಲೆಕ್ಕ ಮುಗಿದ ಮೇಲೆ ಪಿಎಚ್‌ಡಿ ಹುಡುಗನದು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಅವನಿಗೆ ಹೋಗುವುದು ಅರ್ಧ ತಾಸು.

ಇಷ್ಟಾದರೂ ಸಾಲದು. ಯಂತ್ರ ಹೇಳುವುದು ನೆಲ ಎಷ್ಟು ಅಲುಗಿತು ಅಂತ. ಆ ನೆಲದ ಮೇಲೆ ಏನಿದೆ, ಯಾರಿದ್ದಾರೆ ಅನ್ನುವುದನ್ನು ನಾವು ಮೊದಲೇ ಬರೆದಿಟ್ಟಿರಬೇಕು. ಹೋದ ಬೇಸಿಗೆ ರಜೆಯಲ್ಲಿ ಅಣ್ಣನ ಮೊಮ್ಮಗಳನ್ನು ಕರೆದುಕೊಂಡು ನಮ್ಮ ಓಣಿ ಎಣಿಸಿದೆ. 43 ಮನೆ. 11 ಕಲ್ಲು ಮಣ್ಣಿನವು. 9 ಹಂಚಿನವು. 23 ಆರ್‌ಸಿಸಿ. ಆ 23ರಲ್ಲಿ 6ಕ್ಕೆ ಕೆಳಗೆ ಗೋಡೆಯೇ ಇಲ್ಲ, ಕಾರು ನಿಲ್ಲಿಸಲು ಬರೀ ಕಂಬ. 2001ರಲ್ಲಿ ಅಹಮದಾಬಾದಿನಲ್ಲಿ ಕೂತುಬಿಟ್ಟ ಕಟ್ಟಡಗಳಲ್ಲಿ ಇಂಥವೇ ಹೆಚ್ಚು. ಇನ್ನೊಂದು ತಮಾಷೆ. ಒಂದು ಮನೆಯ ರೇಷನ್ ಕಾರ್ಡಿನಲ್ಲಿ ಮೂರೇ ಹೆಸರು. ಮಹಡಿ ಮೇಲೆ ಮಾತ್ರ ಪಿಜಿ, ಕೋಚಿಂಗಿಗೆ ಬಂದ 14 ಹುಡುಗರು. ರಾತ್ರಿ ಎಲ್ಲ ಮನೆಯಲ್ಲಿ, ಬೆಳಿಗ್ಗೆ 10ಕ್ಕೆ ಒಬ್ಬರೂ ಇಲ್ಲ. ಭೂಕಂಪ ರಾತ್ರಿ 3ಕ್ಕೆ ಆದರೆ ಆ ಮನೆಗೆ ಮೊದಲು ಓಡಬೇಕು. ಬೆಳಿಗ್ಗೆ 11ಕ್ಕೆ ಆದರೆ ಕೋಚಿಂಗ್ ಕ್ಲಾಸಿಗೆ. ಇದನ್ನು ಯಾವ ಪರಮ್ ಯಂತ್ರವೂ ತಾನಾಗಿ ಕಂಡುಹಿಡಿಯುವುದಿಲ್ಲ. ನಮಗೆ ಹಿಡಿದದ್ದು ಎರಡು ಸಂಜೆ ಮತ್ತು ಎರಡು ಪ್ಲೇಟು ಗಿರಮಿಟ್.

ಹಾಗಾದರೆ ದುಡ್ಡು ದಂಡವಾ? ಯಂತ್ರದ ದುಡ್ಡು ದಂಡ ಅಲ್ಲ. ಭೂಕಂಪ ಇಲ್ಲದ ದಿನ ಅದು ಔಷಧ, ಹವಾಮಾನ, ವಿಮಾನದ ರೆಕ್ಕೆ ಎಲ್ಲ ಮಾಡುತ್ತಿರುತ್ತದೆ. ಅದರ ಪಕ್ಕ ಒಂದು ಓಣಿಯ ಪಟ್ಟಿ, ಒಂದು ಪಾಳಿಯ ನಿಯಮ ಇಟ್ಟುಕೊಳ್ಳಲು ಕೋಟಿ ಬೇಡ. ಅದನ್ನು ಮಾಡದಿದ್ದರೆ ನಿಮ್ಮ ಸಿಟ್ಟಿಗೆ ನನ್ನದೂ ಸೇರಿಸಿಕೊಳ್ಳಿ.

ಪ್ರಶ್ನೆ: ಆಂಟಿ, ಭೂಕಂಪ ಆದಾಗ ಸೂಪರ್‌ಕಂಪ್ಯೂಟರೇ ಬಿದ್ದುಹೋದರೆ? (7ನೇ ತರಗತಿ, ಲಕ್ಷ್ಮೇಶ್ವರ)

ತಮ್ಮಾ, ಈ ತಿಂಗಳ ಪತ್ರಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. ಬೀಳಬಹುದು. ಬೀಳದಿದ್ದರೂ ಕರೆಂಟ್ ಹೋಗಬಹುದು. ಅದಕ್ಕೇ ಸೆಂಡೈಯವರು ಅದೇ ಲೆಕ್ಕವನ್ನು ನೂರಾರು ಕಿ.ಮೀ. ದೂರದ ಒಸಾಕಾದ ಯಂತ್ರದಲ್ಲೂ ಮಾಡುವ ವ್ಯವಸ್ಥೆ ಇಟ್ಟುಕೊಂಡರು. ಒಂದು ಊರು ನಡುಗಿದರೆ ಇನ್ನೊಂದು ಲೆಕ್ಕ ಮಾಡುತ್ತದೆ. ಜಪಾನಿನ ಪ್ರಸಿದ್ಧ ಯಂತ್ರ 'ಫುಗಾಕು' ಎಲ್ಲಿದೆ ಗೊತ್ತಾ? ಮೇಲೆ ಹೇಳಿದೆನಲ್ಲ, 1995ರಲ್ಲಿ ಭೂಕಂಪದಲ್ಲಿ ಬಿದ್ದ ಕೋಬೆ, ಅದೇ ಊರಿನಲ್ಲಿ. ಅದರ ಕಟ್ಟಡದ ಅಡಿಯಲ್ಲಿ ಕಂಪನ ತಡೆಯುವ ವ್ಯವಸ್ಥೆ ಇದೆ. ಕೆಳಗೆ ನೆಲ ಜೋರಾಗಿ ಹೊಯ್ದಾಡಿದರೂ ಮೇಲಿನ ಯಂತ್ರ ಮೆತ್ತಗೆ ತೂಗುತ್ತದೆ.

ಈಗ ನೀನು ನನಗೊಂದು ಉತ್ತರ ಬರೆಯಬೇಕು. ನಿನ್ನ ಶಾಲೆಯ ಗೋಡೆ ಕಲ್ಲಿನದಾ, ಇಟ್ಟಂಗಿಯದಾ? ಮೇಲೆ ಹಂಚಾ, ಸ್ಲ್ಯಾಬಾ? ನಿನ್ನ ತರಗತಿಯಲ್ಲಿ ಎಷ್ಟು ಜನ, ಬಾಗಿಲು ಎಷ್ಟು? ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ ಅಂತಲೂ ನೋಡಿ ಬರಿ. ಪತ್ರಿಕೆಯ ವಿಳಾಸಕ್ಕೇ ಕಳಿಸು. ಕಾರ್ಡು ಸಾಕು.